ಅಕ್ಕನ ಚಾಕು

ಬುಧವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದಾಗ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ನನಗೊಂದು ಚಾಕು ಮಾಡಿಕೊಡ್ತೀಯಾ?" ಎಂದು ಕೇಳಿದಳು.

ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತೆ. ಎರಡು ವರ್ಷದಿಂದ ಹಿತ್ತಲಲ್ಲಿ ಕುಲುಮೆ ಇಟ್ಟುಕೊಂಡು ಕಬ್ಬಿಣ ಬಡಿಯುತ್ತಿದ್ದೇನೆ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ನನ್ನನ್ನು ಏನೂ ಮಾಡಿಕೊಡೆಂದು ಕೇಳಿರಲಿಲ್ಲ. ನಾನಾಗಿಯೇ ಮಾಡಿ ಗೋಡೆಗೆ ಹೊಡೆದ ಕೊಕ್ಕೆಗಳಿದ್ದವು. ಅವಷ್ಟಕ್ಕೂ ನೇತುಹಾಕುವಷ್ಟು ಬಟ್ಟೆ ಈ ಮನೆಯಲ್ಲಿಲ್ಲ ಎಂದು ಭಾವ ನಗುತ್ತಿದ್ದರು. ಎಲೆಯ ಆಕಾರದ ಕೀಲಿಗೊಂಚಲುಗಳನ್ನು ಮಾಡಿದ್ದೆ. ಒಂದು ಹಾವು ಮಾಡಲು ಹೋಗಿ ಅದು ಎರೆಹುಳುವಿನ ಹಾಗೆ ಬಂದಿತ್ತು.

"ಎಂಥ ಚಾಕು?"

"ಚರ್ಮ ಹೆರೆಯೋದು. ಸೋಮವಾರಕ್ಕೆ ಬೇಕು."

ಸೋಮವಾರ ಏನಿದೆ ಎಂದು ಮನೆಯ ಮೂವರಿಗೂ ಗೊತ್ತಿತ್ತು. ಅಕ್ಕ ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ಹೊಲಿಯುವವರು, ಅಂಟು ಹಚ್ಚುವವರು ಅಲ್ಲಿ ಬೇಕಾದಷ್ಟು ಜನ. ಚರ್ಮ ಹೆರೆಯುವವಳು ಅವಳೊಬ್ಬಳೇ. ಪುಸ್ತಕದ ಬೆನ್ನಿಗೆ ಹೊದಿಸುವ ಚರ್ಮದ ಅಂಚನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುವ ತನಕ ಹೆರೆಯಬೇಕು. ಇಲ್ಲದಿದ್ದರೆ ರಟ್ಟಿನ ಮೇಲೆ ಮಡಚಿದ ಕಡೆಯೆಲ್ಲ ಉಬ್ಬಿ ನಿಲ್ಲುತ್ತದೆ. ಕೂದಲೆಳೆಯಷ್ಟು ಹೆಚ್ಚು ಹೆರೆದರೂ ತೂತು. ನಾಲ್ಕು ತಿಂಗಳ ಹಿಂದೆ ಅವಳು ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಹೆಬ್ಬೆರಳು ಮಾತ್ರ ಮಡಚಲಿಲ್ಲ. ಅಂಗಡಿಯ ಸಾಹುಕಾರರು ಇಷ್ಟು ದಿನ ಕಾದು, ಹೋದ ವಾರ ಹೇಳಿ ಕಳಿಸಿದ್ದರು: ಸೋಮವಾರ ಬಂದು ಒಂದು ಬೆನ್ನಿನ ಚರ್ಮ ಹೆರೆದು ತೋರಿಸಲಿ. ಹೆರೆಯಲು ಬಂದರೆ ಅವಳ ಜಾಗ ಅವಳದೇ. ಆಗದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ, ಅವಳಿಗೆ ಹಾಳೆ ಮಡಚುವ ಕೆಲಸ ಕೊಡುತ್ತೇನೆ.

ಹಾಳೆ ಮಡಚುವುದು ಅಲ್ಲಿ ನಿನ್ನೆ ಸೇರಿದವರ ಕೆಲಸ.

ಅಕ್ಕನ ಹಳೆಯ ಚಾಕು ಸಾಣೆಗೆ ಸವೆದು ಸವೆದು ಎರಡು ಬೆರಳಿನಷ್ಟೇ ಉಳಿದಿತ್ತು. ನಾನು ಅದನ್ನು ಮೇಜಿನ ಮೇಲೆ ಕಾಗದಕ್ಕೆ ಒತ್ತಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಅದು ತರಕಾರಿ ಹೆಚ್ಚುವ ಚಾಕುವಿನ ಹಾಗಲ್ಲ. ಉಳಿಯ ಹಾಗೆ ತುದಿಯಲ್ಲಿ ಅಲಗು; ಆ ಅಲಗೂ ನೇರ ಅಲ್ಲ, ಓರೆ. ತಳ ಕನ್ನಡಿಯಷ್ಟು ಸಮ, ಮೇಲ್ಮುಖಕ್ಕೆ ಮಾತ್ರ ಇಳಿಜಾರು. ಆ ಇಳಿಜಾರನ್ನೂ ಗೀಟು ಹಾಕಿ ಗುರುತು ಮಾಡಿದೆ.

"ಹಿಡಿ ಸ್ವಲ್ಪ ದಪ್ಪ ಮಾಡು, ಅವಳಿಗೆ ಬಿಗಿಯಾಗಿ ಹಿಡಿಯೋಕೆ ಆಗಬೇಕು," ಎಂದರು ಭಾವ, ಬೂಟಿನ ಲೇಸು ಕಟ್ಟುತ್ತ. "ಹೆಬ್ಬೆರಳು ಮೊನ್ನೆಗಿಂತ ಇವತ್ತು ಎಷ್ಟೋ ವಾಸಿ. ಇನ್ನೊಂದು ತಿಂಗಳು, ನೋಡ್ತಿರು."

ಭಾವ ಲಿಫ್ಟ್ ರಿಪೇರಿ ಮಾಡುವವರು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ಹೊರಗೆ ನಿಂತು "ಐದೇ ನಿಮಿಷ, ಐದೇ ನಿಮಿಷ" ಎಂದು ಕೂಗಿ ಕೂಗಿ ಅವರ ನಾಲಿಗೆ ಹಾಗೇ ತಿರುಗಿಬಿಟ್ಟಿದೆ.

ಅಕ್ಕ ಹತ್ತಿರ ಬಂದಳು. ನನ್ನ ಕಾಗದವನ್ನು ಎತ್ತಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅದನ್ನು ಮಗುಚಿ, ಗೆರೆ ಕೆಳಗೆ ಬರುವ ಹಾಗೆ ಮೇಜಿನ ಮೇಲಿಟ್ಟು, ನನ್ನ ಮುಖ ನೋಡಿದಳು. ಹೊತ್ತಾಗಿತ್ತು. ನಾನು ಕಾಗದವನ್ನು ತಿರುಗಿಸಿ, ಮಡಚಿ ಜೇಬಿಗೆ ಹಾಕಿಕೊಂಡು ಹೊರಟೆ.

ನನ್ನದು ನೀರಿನ ಮೀಟರು ಓದುವ ಕೆಲಸ. ಓದಿದ್ದು ತತ್ವಶಾಸ್ತ್ರ. ದಿನಕ್ಕೆ ನೂರು ಮನೆ ಹತ್ತಿ ಇಳಿಯುತ್ತೇನೆ. ಯಾವ ಮನೆಯಲ್ಲೂ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಕಾಲು ದಣಿದರೂ ಕೈ ಸುಮ್ಮನಿರುವುದಿಲ್ಲ ನನಗೆ. ಕುರ್ಚಿಯ ಕೈ, ಪೆನ್ನಿನ ಮುಚ್ಚಳ, ಏನಾದರೂ ತಟ್ಟುತ್ತಲೇ ಇರುತ್ತೇನೆ. ಆ ಚಡಪಡಿಕೆಗೆ ಒಂದು ದಾರಿ ಬೇಕೆಂದೇ ಕುಲುಮೆ ಹಾಕಿದ್ದು. ಅಂದು ಮಾತ್ರ ಮೀಟರಿನ ಗಾಜು ಒರೆಸಿ ಅಂಕಿ ಬರೆದುಕೊಳ್ಳುವಾಗಲೂ ತಲೆಯೊಳಗೆ ಸುತ್ತಿಗೆ ಬೀಳುತ್ತಿತ್ತು. ಒಂದು ಮನೆಯ ಅಂಕಿಯನ್ನು ಇನ್ನೊಂದರ ಸಾಲಿನಲ್ಲಿ ಬರೆದು, ಮತ್ತೆ ಎರಡು ಬೀದಿ ಹಿಂದಕ್ಕೆ ನಡೆದೆ.

ಸಂಜೆ ತುಕ್ಕಪ್ಪನ ಗುಜರಿಗೆ ಹೋದೆ. ನಿಜವಾದ ಹೆಸರು ಅವನಿಗೇ ನೆನಪಿದೆಯೋ ಇಲ್ಲವೋ. ಅಂಗಿ, ಮೀಸೆ, ಉಗುರು ಎಲ್ಲಕ್ಕೂ ಒಂದೇ ಬಣ್ಣ. ಎಂದೋ ಕಮ್ಮಾರಿಕೆ ಮಾಡಿದವನು. ಈಗ ತೂಕ ಹಾಕುತ್ತಾನೆ. ಕಾಗದ ತೋರಿಸಿದೆ. ಅವನು ರಾಶಿಯ ಬುಡಕ್ಕೆ ಕೈ ಹಾಕಿ ಕಬ್ಬಿಣ ಉಜ್ಜುವ, ಮೊಳದುದ್ದದ ಒಂದು ಚಪ್ಪಟೆ ಅರ ಎಳೆದ.

"ಇದು ಹಳೇ ಕಾಲದ್ದು. ಈಗಿನ ಎಷ್ಟೋ ಅರಕ್ಕೆ ಮೇಲೆ ಮಾತ್ರ ಉಕ್ಕು, ಒಳಗೆಲ್ಲ ನಾಟಕ. ಇದು ಒಳಗೂ ಹೊರಗೂ ಒಂದೇ. ಇಂಥದ್ದು ಇದೊಂದೇ ಇರೋದು."

"ಎರಡು ತುಂಡು ಮಾಡಿಕೊಳ್ಳಲಾ?"

"ಮಾಡ್ಕೋ. ಒಂದು ಹೇಗಿದ್ರೂ ಹಾಳು ಮಾಡ್ತೀಯ." ಅವನು ಅರವನ್ನು ಕೊಡದೆ ಹಿಡಿದುಕೊಂಡೇ ಹೇಳಿದ: "ಎಣ್ಣೇಲಿ ಅದ್ದು, ನೀರಲ್ಲಲ್ಲ. ಎಣ್ಣೆ ಬೆಚ್ಚಗಿರಲಿ. ಬೆಚ್ಚಗಿರಲಿ ಅಂದೆ, ಕೇಳಿಸ್ತಾ? ಕಾಯೋದು ನಿನ್ನ ಜಾತಕದಲ್ಲೇ ಬರೆದಿಲ್ಲ, ಅದಕ್ಕೆ ಎರಡು ಸಲ ಹೇಳ್ತಿದೀನಿ."

ನನ್ನ ಕುಲುಮೆ ಎಂದರೆ ಲಾರಿಯ ಒಂದು ಹಳೆಯ ಬ್ರೇಕ್ ಡ್ರಮ್ಮು. ಕೆಳಗೆ ಮೂರು ಕಾಲು, ಬುಡಕ್ಕೊಂದು ಪೈಪು, ಪೈಪಿನ ಬಾಯಿಗೆ ಅಕ್ಕ ಬಿಸಾಡಿದ ಕೂದಲು ಒಣಗಿಸುವ ಯಂತ್ರ. ಗಾಳಿ ಊದುವ ತಿದಿಯ ಕೆಲಸ ಅದರದೇ. ಇಟ್ಟು ಬಡಿಯುವ ಅಡಿಗಲ್ಲಿನ ಬದಲು ಮರದ ಕೊರಡಿಗೆ ಮೊಳೆ ಜಡಿದು ಕೂರಿಸಿದ ರೈಲು ಹಳಿಯ ತುಂಡು. ಇಕ್ಕಳಗಳನ್ನು ನಾನೇ ಮಾಡಿದ್ದು. ಒಂದರ ಬಾಯಿ ಮುಚ್ಚುವುದಿಲ್ಲ, ಇನ್ನೊಂದರ ಬಾಯಿ ಬಿಡಿಸುವುದು ಕಷ್ಟ. ಸುತ್ತ ಹಳೆಯ ಕಂಬಳಿ ಇಳಿಬಿಟ್ಟಿದ್ದೇನೆ. ಬೆಳಕು ಹೆಚ್ಚಿದ್ದರೆ ಕಬ್ಬಿಣದ ಕೆಂಪು ಕಣ್ಣಿಗೆ ಸುಳ್ಳು ಹೇಳುತ್ತದೆ.

ಗುರುವಾರ ಸಂಜೆ ಅರವನ್ನು ಕಾಯಿಸಿ ತುಂಡರಿಸಿ ಮೊದಲ ತುಂಡನ್ನು ಬಡಿದು ಚಪ್ಪಟೆ ಮಾಡಿದೆ. ಅರದ ಹಲ್ಲುಗಳು ಒಂದೊಂದೇ ಸಾಲು ಅಳಿಸಿ ಹೋದವು. ಆಕಾರ ಬಂದ ಮೇಲೆ ಅದನ್ನು ಬೂದಿಯಲ್ಲಿ ಹೂತು ಬೆಳಗಿನ ತನಕ ತಣ್ಣಗಾಗಲು ಬಿಡಬೇಕು. ಬಿಟ್ಟೆ, ಆದರೆ ಮೂರು ಸಲ ಎದ್ದು ಹೋಗಿ ಬೂದಿಯ ಮೇಲೆ ಕೈ ಹಿಡಿದು ನೋಡಿ ಬಂದೆ. ಕಾವಿಗೆ ಕೂತ ಕೋಳಿಯನ್ನು ಹೀಗೆ ಎಬ್ಬಿಸಿದರೆ ಮೊಟ್ಟೆ ಮರಿಯಾಗುವುದಿಲ್ಲ ಎಂದರು ಭಾವ.

ಶುಕ್ರವಾರ ಅದನ್ನು ಗಟ್ಟಿ ಮಾಡುವ ದಿನ. ಉಕ್ಕು ಕೆಂಪಾಗಿ, ಅಯಸ್ಕಾಂತಕ್ಕೆ ಅಂಟದ ಹಂತ ತಲುಪಿದಾಗ ತಕ್ಷಣ ಅದ್ದಿ ತಣಿಸಬೇಕು. ಎಣ್ಣೆಯ ಡಬ್ಬಿ ಕುಲುಮೆಯ ಪಕ್ಕದಲ್ಲಿ ಬೆಚ್ಚಗಾಗುತ್ತಿತ್ತು. ಬೆರಳಿಟ್ಟೆ, ಇನ್ನೂ ತಣ್ಣಗೆ. ಇದ್ದಿಲಿನ ಮೇಲೆ ಚಾಕು ಕೆಂಪಗೆ ಕಾದು ಕೂತಿದೆ. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಕಾಯಬೇಕಿತ್ತು, ಗಾಳಿ ನಿಲ್ಲಿಸಿ, ಎಣ್ಣೆ ಕಾಯುವ ತನಕ ಸುಮ್ಮನೆ ನಿಲ್ಲಬೇಕಿತ್ತು. ಪಕ್ಕದಲ್ಲಿ ಒಂದು ಬಕೆಟ್ ನೀರಿತ್ತು. ನನ್ನ ಕೈ ನನ್ನನ್ನು ಕೇಳದೆ ಅತ್ತ ತಿರುಗಿತು.

ಚುಂಯ್ ಎಂದು ಹಬೆಯೆದ್ದಿತು. ಆ ಸದ್ದಿನೊಳಗೇ ಇನ್ನೊಂದು ಸದ್ದು, ಬಹಳ ಸಣ್ಣದು: ಟಿಣ್.

ಕಬ್ಬಿಣ ಬಡಿಯುವವರು ಆ ಸದ್ದನ್ನು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಹೊರತೆಗೆದು ನೋಡಿದೆ. ಅಲಗಿನಿಂದ ಹಿಡಿಯ ಕಡೆಗೆ ಕೂದಲಿನಂಥ ಒಂದು ಬಿರುಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ.

ಕಂಬಳಿ ಸರಿಸಿ ಅಕ್ಕ ಇಣುಕಿದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು.

"ಇನ್ನೊಂದು ತುಂಡು ಇದೆ," ಎಂದೆ.

"ಹ್ಞೂಂ," ಎಂದಳು. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಒಳಗಿನಿಂದ ಭಾವ ಅವಳನ್ನು ಕರೆದರು. ಬಿಸಿನೀರಿನಲ್ಲಿ ಕೈ ಅದ್ದಿ ಹೆಬ್ಬೆರಳಿನ ವ್ಯಾಯಾಮ ಮಾಡುವ ಹೊತ್ತು ಅದು. ಅವಳು ಹೋದಳು.

ಅದೇ ರಾತ್ರಿ ಇನ್ನೊಂದು ತುಂಡನ್ನು ಬಡಿದು ಬೂದಿಯಲ್ಲಿ ಹೂತೆ. ಶನಿವಾರ ರಜೆ ಹಾಕಿ ಬೆಳಿಗ್ಗೆಯಿಂದ ನಿಂತೆ. ಎರಡನೆಯ ತುಂಡಿಗೆ ಎಲ್ಲವನ್ನೂ ತುಕ್ಕಪ್ಪ ಹೇಳಿದ ಹಾಗೆ ಮಾಡಿದೆ. ಎಣ್ಣೆಯನ್ನು ಮೊದಲೇ ಕಾಯಿಸಿಟ್ಟೆ. ಅದ್ದುವಾಗ ಒಂದೇ ಒಂದು ತಪ್ಪಾಯಿತು: ತುದಿಯ ಎರಡು ಬೆರಳಿನಷ್ಟು ಮಾತ್ರ ಮುಳುಗಿಸುವ ಬದಲು ಹೆದರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮುಳುಗಿಸಿಬಿಟ್ಟೆ. ಟಿಣ್ ಎನ್ನಲಿಲ್ಲ. ಕಿವಿಯನ್ನು ಡಬ್ಬಿಗೆ ಒತ್ತಿ ಕೇಳಿದೆ. ಎಣ್ಣೆ ಗುಳುಗುಳು ಎಂದು ಸುಮ್ಮನಾಯಿತು.

ಹೀಗೆ ಗಟ್ಟಿಯಾದ ಉಕ್ಕು ಗಾಜಿನ ಹಾಗೆ, ಬಿದ್ದರೆ ಒಡೆಯುತ್ತದೆ. ಅದನ್ನು ಮತ್ತೆ ಮೆಲ್ಲಗೆ ಕಾಯಿಸಿ ಹದಕ್ಕೆ ತರಬೇಕು. ಕೆಂಪಗೆ ಕಾದ ಒಂದು ದಪ್ಪ ಸಲಾಕೆಯ ಮೇಲೆ ಚಾಕುವಿನ ಹಿಂಭಾಗವನ್ನಿಟ್ಟು, ಉಜ್ಜಿ ಬೆಳಗಿದ ಅದರ ಮೈಮೇಲೆ ಬಣ್ಣ ಹರಿಯುವುದನ್ನು ನೋಡುತ್ತ ಕೂತೆ. ಒಣಹುಲ್ಲಿನ ಬಣ್ಣ, ಆಮೇಲೆ ಜೇನು. ಅದಾದರೆ ನೇರಳೆ, ನೀಲಿ. ನೀಲಿ ಬಂದರೆ ಅಲಗು ಮೆತ್ತಗಾಯಿತೆಂದೇ ಲೆಕ್ಕ. ಹುಲ್ಲಿನ ಬಣ್ಣ ಅಲಗಿನ ತುದಿಯನ್ನು ಮುಟ್ಟುತ್ತಲೇ ಎತ್ತಿಬಿಟ್ಟೆ. ಆಮೇಲೆ ಕೈಯಿಂದ ತಿರುಗಿಸುವ ಸಾಣೆಯಲ್ಲಿ ಕಾಗದದ ಗೆರೆಗೆ ಸರಿಯಾಗಿ ಓರೆ, ಇಳಿಜಾರು, ಎಲ್ಲವನ್ನೂ ಹಿಡಿದೆ. ಭಾವ ಹೇಳಿದ ಹಾಗೆ ಹಿಡಿಗೆ ಚರ್ಮ ಸುತ್ತಿ ದಪ್ಪ ಮಾಡಿದೆ. ಹಳೆಯ ಚಾಕುವಿನ ಪಕ್ಕದಲ್ಲಿಟ್ಟರೆ, ಉದ್ದವೊಂದನ್ನು ಬಿಟ್ಟು, ಅವಳಿ ಮಕ್ಕಳ ಹಾಗಿತ್ತು.

ಆ ದಿನ ಮೊದಲ ಬಾರಿಗೆ ನನ್ನ ಕೈ ಸುಮ್ಮನಿತ್ತು. ಏನನ್ನೂ ತಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟೆ. ಭಾವ ಕನ್ನಡಕ ಹಾಕಿಕೊಂಡು ಬಂದರು. "ಏನಯ್ಯ ಕಮ್ಮಾರ, ಇದು ಎರೆಹುಳು ಅಲ್ಲ ತಾನೇ?" ಎಂದು ಎತ್ತಿ ನೋಡಿ, ನಗು ನಿಲ್ಲಿಸಿದರು. "ಪರವಾಗಿಲ್ಲ ಕಣೋ. ನಿಜವಾಗಿ ಪರವಾಗಿಲ್ಲ."

ಅಕ್ಕ ಕೈ ಒರೆಸಿಕೊಂಡು ಬಂದಳು. ಚಾಕುವನ್ನು ಎಡಗೈಯಿಂದ ಎತ್ತಿಕೊಂಡಳು. ಕಿಟಕಿಯ ಕಡೆ ಹಿಡಿದಳು. ಉಗುರಿನ ಮೇಲೆ ಅಲಗನ್ನು ಮೆಲ್ಲಗೆ ಊರಿ ಹರಿತ ನೋಡಿದಳು. ಮತ್ತೆ ಮೇಜಿನ ಮೇಲಿಟ್ಟಳು.

"ಚೆನ್ನಾಗಿದೆ," ಎಂದಳು.

ಅವಳು "ಚೆನ್ನಾಗಿದೆ" ಎನ್ನುವುದು ನನಗೆ ಗೊತ್ತು. ಚಿಕ್ಕಂದಿನಲ್ಲಿ ನಾನು ಬರೆದ ಚಿತ್ರಗಳಿಗೆಲ್ಲ ಹಾಗೇ ಅನ್ನುತ್ತಿದ್ದಳು.

"ಹೆರೆದು ನೋಡು."

"ನಾಳೆ ನೋಡ್ತೀನಿ."

"ನಾಳೆ ಯಾಕೆ? ಈಗ ನೋಡು. ಸರಿಯಿಲ್ಲದಿದ್ರೆ ಇವತ್ತೇ ಸರಿ ಮಾಡಬೇಕಲ್ಲ."

ಅವಳು ಭಾವನ ಕಡೆ ನೋಡಿದಳು. ಆಮೇಲೆ ಕೋಣೆಗೆ ಹೋಗಿ, ಮಂಚದ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದು ಮುಚ್ಚಳ ತೆಗೆದಳು. ಡಬ್ಬದ ತುಂಬ ಚರ್ಮದ ಹೆರೆದ ಚೂರುಗಳು. ತಳದಲ್ಲಿದ್ದವು ದಪ್ಪ, ಅಂಕುಡೊಂಕು. ಮೇಲಿನವು ಉದ್ದಕ್ಕೆ ಸುರುಳಿ ಸುತ್ತಿಕೊಂಡು ತೆಳ್ಳಗಿದ್ದವು. ಅವುಗಳ ನಡುವೆ ಬಟ್ಟೆ ಸುತ್ತಿದ ಅರ್ಧ ಬ್ಲೇಡು.

"ಇದೇನೇ ಇದು?" ಎಂದರು ಭಾವ.

ಅಕ್ಕ ಒಂದು ಚೂರು ಚರ್ಮವನ್ನು ಕಲ್ಲಿನ ಮಣೆಯ ಮೇಲೆ ಹರಡಿದಳು. ಬಲಗೈಯ ಅಂಗೈಯಿಂದ ಅದನ್ನು ಒತ್ತಿ ಹಿಡಿದು, ನನ್ನ ಚಾಕುವನ್ನು ಎಡಗೈಯಲ್ಲಿ ಹಿಡಿದು ಮುಂದಕ್ಕೆ ತಳ್ಳಿದಳು. ಅದರ ಮೂಲೆ ಚರ್ಮಕ್ಕೆ ಕುಕ್ಕಿ ನಿಂತಿತು. ಚಾಕುವನ್ನು ಮಗುಚಿ ತಳ್ಳಿದಳು. ಈಗ ಓರೆ ಸರಿಯಿತ್ತು, ಆದರೆ ಇಳಿಜಾರು ಅಡಿಗೆ ಬಂದು ಅಲಗು ಚರ್ಮವನ್ನು ಮುಟ್ಟದೆ ಮೇಲೆ ಮೇಲೆ ಜಾರಿತು.

ನನಗೆ ಅರ್ಥವಾಯಿತು. ಅರ್ಥವಾದದ್ದು ಮಾತ್ರವಲ್ಲ, ಬುಧವಾರದ ಮೇಜು, ಅವಳು ಮಗುಚಿಟ್ಟ ಕಾಗದ, ನನ್ನ ಮುಖ ನೋಡಿದ ಅವಳ ಕಣ್ಣು, ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತವು. ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನ ಒತ್ತು ಕಾಣುತ್ತದೆ. ತಿರುಗುಮುರುಗಾದ ಚಾಕು. ಅವಳಿಗೆ ಬೇಕಾಗಿದ್ದದ್ದು ಅದು. ಬಾಯಿಬಿಟ್ಟು ಹೇಳಲಾಗದ್ದನ್ನು ಕೈಯಿಂದ ಹೇಳಿದ್ದಳು. ನಾನು ಚಪ್ಪಲಿಯ ಅವಸರದಲ್ಲಿದ್ದೆ.

"ಎಡಗೈಗೆ," ಎಂದೆ.

"ಎಡಗೈಗೆ," ಎಂದಳು ಅಕ್ಕ. "ಎರಡು ತಿಂಗಳಾಯ್ತು. ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಕೂತ್ಕೋತೀನಿ. ಬ್ಲೇಡಲ್ಲಿ ಸಣ್ಣ ಚೂರು ಆಗುತ್ತೆ. ಬೆನ್ನಿನ ಚರ್ಮ ಆಗಲ್ಲ, ಬ್ಲೇಡು ಬಾಗುತ್ತೆ."

"ಒಂದು ಮಾತು ಹೇಳೋದಲ್ವೇನೇ?" ಭಾವನ ದನಿ ಸಣ್ಣಗಾಗಿತ್ತು. "ಬಲಗೈ ಇನ್ನೊಂದು ತಿಂಗಳಲ್ಲಿ—"

"ರೀ," ಎಂದಳು ಅಕ್ಕ. "ಇನ್ನೊಂದು ತಿಂಗಳು ಅನ್ನಬೇಡಿ. ಈ ಕೈ ಇಷ್ಟೇ. ನನಗೆ ಗೊತ್ತಾಗಿ ಬಹಳ ದಿನ ಆಯ್ತು. ನೀವು ದಿನಾ ಬಿಸಿನೀರು ಕಾಯಿಸಿ ತರ್ತೀರಲ್ಲ, ಅದನ್ನ ನೋಡ್ಕೊಂಡು ಹೇಗೆ ಹೇಳಲಿ?"

ಭಾವ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅಕ್ಕ ಡಬ್ಬದ ಮುಚ್ಚಳ ಹಾಕಿದಳು.

ನಾನು ಕೂರಲಾರದೆ ಹಿತ್ತಲಿಗೂ ಮೇಜಿಗೂ ನಾಲ್ಕು ಸಲ ಓಡಾಡಿದೆ. ತುಕ್ಕಪ್ಪನ ಗುಜರಿಗೆ ಭಾನುವಾರ ಬೀಗ. ತೆರೆದಿದ್ದರೂ ಅಂಥ ಅರ ಇನ್ನೊಂದಿಲ್ಲ. ಅಂಗಡಿಯಲ್ಲಿ ಸಿಗುವುದೆಲ್ಲ ಬಲಗೈಯವೇ, ಎಡಗೈಯದು ಬೇಕೆಂದರೆ ಹೇಳಿ ತರಿಸಲು ವಾರಗಳು ಬೇಕು. ಬಿರುಕು ಬಿಟ್ಟದ್ದನ್ನು ಮತ್ತೆ ಕಾಯಿಸಿದರೆ ಎರಡಾಗುತ್ತದೆ. ಉಳಿದದ್ದು ಇದೊಂದೇ. ಹಿಡಿದು ಅತ್ತಿತ್ತ ತಿರುಗಿಸಿದೆ. ಇಳಿಜಾರು ಇದ್ದ ಮುಖದಲ್ಲೇ ಇರಲಿ. ಓರೆಯನ್ನು ಮಾತ್ರ ಆ ಕಡೆಯಿಂದ ಈ ಕಡೆಗೆ ತಿರುಗಿಸಬೇಕು. ಹಾಗೆ ಮಾಡಲು ತುದಿಯಿಂದ ಎರಡು ಬೆರಳಿನಷ್ಟು ಉಕ್ಕನ್ನು ಪೂರ್ತಿ ತಿಂದುಹಾಕಬೇಕು. ಶನಿವಾರ ನಾನು ಗಾಬರಿಯಲ್ಲಿ ಹೆಚ್ಚು ಮುಳುಗಿಸಿದ್ದರಿಂದ ಅದರ ಹಿಂದೆಯೂ ಉಕ್ಕು ಗಟ್ಟಿಯಿತ್ತು. ಆದರೆ ಇನ್ನು ಬೆಂಕಿಗೆ ಹಾಕುವ ಹಾಗಿಲ್ಲ. ಸಾಣೆಯಲ್ಲೇ, ಬಿಸಿಯೇರಲು ಬಿಡದೆ, ತಣ್ಣಗೆ. ಸಾಣೆಗೆ ಉಜ್ಜಿ ಉಕ್ಕು ಕಾದು ನೀಲಿ ತಿರುಗಿದರೆ ಹದ ಹೋಯಿತು, ಚಾಕು ಹೋಯಿತು, ನಾಳೆಯೂ ಹೋಯಿತು.

"ಒಬ್ಬನ ಕೈಲಿ ಆಗಲ್ಲ ಇದು," ಎಂದೆ. "ಎರಡು ಕೈಯಲ್ಲೂ ಚಾಕು ಹಿಡೀಬೇಕು. ಸಾಣೆ ತಿರುಗಿಸೋಕೆ ಯಾರಾದ್ರೂ ಬೇಕು."

ಭಾವ ಕನ್ನಡಕ ಹಾಕಿಕೊಂಡು ಎದ್ದರು.

ಹಿತ್ತಲಲ್ಲಿ ಸಾಣೆಯನ್ನು ಬೆಂಚಿಗೆ ಬಿಗಿದು, ಪಕ್ಕದಲ್ಲಿ ನೀರಿನ ಬೋಗುಣಿ ಇಟ್ಟೆವು. ಮೂರು ಸುತ್ತು ತಿರುಗಿಸುವುದು, ನಿಲ್ಲಿಸುವುದು, ಚಾಕುವನ್ನು ನೀರಿಗೆ ಅದ್ದುವುದು. ಮತ್ತೆ ಮೂರು ಸುತ್ತು. ಅರ್ಧ ಗಂಟೆಯಾದರೂ ಒಂದು ಅಕ್ಕಿಕಾಳಿನಷ್ಟು ಕರಗಿರಲಿಲ್ಲ. ನನ್ನ ಕಾಲು ನೆಲ ಕೆರೆಯುತ್ತಿತ್ತು. ಐದು ಸುತ್ತಾದರೆ ಏನಾಗುತ್ತದೆ, ಆರಾದರೆ ಏನಾಗುತ್ತದೆ ಎಂದು ಮನಸ್ಸು ಚೌಕಾಸಿ ಮಾಡುತ್ತಿತ್ತು.

ಭಾವ ಮಾತಾಡದೆ ತಿರುಗಿಸುತ್ತಿದ್ದರು. ಅವರು ಮಾತಾಡದೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಸಾಣೆಯನ್ನೇ ನೋಡುತ್ತ ಕೇಳಿದರು: "ನಿನಗೆ ಗೊತ್ತಿತ್ತಾ?"

"ಇಲ್ಲ."

"ನನಗೆ ಗೊತ್ತಿತ್ತು ಅನ್ಸುತ್ತೆ," ಎಂದರು. "ತಟ್ಟೆ ಎತ್ತೋದು, ಬೀಗ ತೆಗೆಯೋದು, ಎಲ್ಲ ಎಡಗೈಯಲ್ಲೇ ಮಾಡ್ತಿದ್ಳು. ನೋಡಿದ್ರೂ ನೋಡದ ಹಾಗೆ ಬಿಸಿನೀರು ಕಾಯಿಸ್ತಿದ್ದೆ."

ಹೇಳುತ್ತ ಹೇಳುತ್ತ ಅವರ ಕೈ ಜೋರಾಯಿತು. ನಾಲ್ಕು ಸುತ್ತು, ಐದು, ಆರು. ನಾನು ಅವರ ಮುಖ ನೋಡುತ್ತಿದ್ದೆ, ಚಾಕುವನ್ನಲ್ಲ. ಸುಟ್ಟ ವಾಸನೆ ಮೂಗಿಗೆ ಬಂದಾಗ ಬೆಚ್ಚಿ ನೀರಿಗೆ ಅದ್ದಿದೆ. ತೆಗೆದು ನೋಡಿದರೆ ಒಂದು ಮೂಲೆಯಲ್ಲಿ ಎಳ್ಳಿನಷ್ಟು ನೀಲಿ.

ಇಬ್ಬರೂ ಅದನ್ನು ನೋಡಿದೆವು.

"ಹೋಯ್ತಾ?" ಎಂದರು ಭಾವ.

ಪೆನ್ಸಿಲಿನಿಂದ ಹೊಸ ಗೆರೆ ಎಳೆದು ನೋಡಿದೆ. ನೀಲಿ ಗೆರೆಯ ಆಚೆಗಿತ್ತು, ತಿಂದುಹಾಕಬೇಕಾದ ಭಾಗದಲ್ಲೇ. ಗೆರೆಗೂ ಅದಕ್ಕೂ ನಡುವೆ ಒಂದು ದಾರದಷ್ಟು ಜಾಗ.

"ಇಲ್ಲ. ಆದ್ರೆ ಇನ್ಮೇಲೆ ಎರಡೇ ಸುತ್ತು."

"ಎರಡೇ ಸುತ್ತು," ಎಂದು ಭಾವ ಮಗುವಿನ ಹಾಗೆ ಹೇಳಿಕೊಂಡರು. ಆಮೇಲೆ ಅವರು ಬಾಯಲ್ಲೇ ಎಣಿಸತೊಡಗಿದರು: ಒಂದು, ಎರಡು, ನಿಲ್ಲು. ಒಂದು, ಎರಡು, ನಿಲ್ಲು. ಮಧ್ಯಾಹ್ನ ಅಕ್ಕ ಊಟ ತಂದು ಬೆಂಚಿನ ಮೇಲಿಟ್ಟಳು. ಉಂಡು ಕೈ ತೊಳೆದು ಮತ್ತೆ ನಿಂತೆವು. ಬೋಗುಣಿಯ ನೀರು ಕಪ್ಪಗಾಯಿತು, ಚೆಲ್ಲಿ ಬೇರೆ ತಂದೆವು. ನನ್ನ ಬೆರಳುಗಳು ನೀರಲ್ಲಿ ನೆನೆದು ಸುಕ್ಕುಗಟ್ಟಿದವು. ಒಳಗಿನ ಚಡಪಡಿಕೆ ನಿಲ್ಲಲಿಲ್ಲ. ಕೈ ಮಾತ್ರ ಅದನ್ನು ಬಿಟ್ಟು ತನ್ನ ಪಾಡಿಗೆ ಎರಡು ಸುತ್ತು ಕಾಯುವುದನ್ನು ಕಲಿಯಿತು.

ಹೊತ್ತು ಇಳಿಯುವಾಗ ಓರೆ ತಿರುಗಿತ್ತು. ನಾನು ಅಲಗಿಗೆ ಕೊನೆಯ ಹರಿತ ಕೊಡಲು ಮಸೆಗಲ್ಲು ತೆಗೆದುಕೊಂಡೆ. ಅಕ್ಕ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಅಲಗು ನಾನೇ ಮಸೀಬೇಕು. ಇನ್ನೊಬ್ಬರು ಮಸೆದ ಅಲಗಲ್ಲಿ ನಾನು ಯಾವತ್ತೂ ಹೆರೆದಿಲ್ಲ."

ಹಿಡಿಗೆ ಸುತ್ತಿದ್ದ ದಪ್ಪ ಚರ್ಮವನ್ನು ಬಿಚ್ಚಿ ಬಿಸಾಡಿದಳು. ಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ, ಎಡಗೈಯಲ್ಲಿ ಚಾಕು ಹಿಡಿದು ಕೂತಳು. ಮೊದಲು ಕೈ ಅತ್ತಿತ್ತ ಹೊರಳಿತು. ನಾನು ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿಕೊಂಡೆ. ಭಾವ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದರು. ಒಳಗೆ ಕೂತು ಇಬ್ಬರೂ ಆ ಸದ್ದನ್ನು ಕೇಳಿದೆವು. ಸರ್, ಸರ್, ನಿಂತಿತು. ಸರ್, ಸರ್.

ಸೋಮವಾರ ನಾನೂ ಅವಳ ಜೊತೆ ಅಂಗಡಿಗೆ ಹೋದೆ. ಮೀಟರುಗಳು ಎಲ್ಲೂ ಓಡಿಹೋಗುವುದಿಲ್ಲ. ಭಾವನಿಗೆ ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಿಂತಿತ್ತು. ಹೋಗುವ ಮುನ್ನ ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟು, "ಬರ್ತೀನಿ" ಎಂದಷ್ಟೇ ಹೇಳಿದರು.

ಸಾಹುಕಾರರು ಬಿಳಿ ಹುಬ್ಬಿನ, ಅಂಟಿನ ವಾಸನೆಯ ಮನುಷ್ಯ. "ಬಾಮ್ಮ. ಕೈ ಹೇಗಿದೆ?" ಎಂದರು. ಅವಳ ಬೆಂಚಿನ ಮೇಲೆ ಕಂದು ಬಣ್ಣದ ಚರ್ಮದ ಪಟ್ಟಿಯೊಂದನ್ನು ಆಗಲೇ ಇಟ್ಟಿದ್ದರು. ಹಾಳೆ ಮಡಚುವವರು, ಹೊಲಿಯುವವರು ಎಲ್ಲ ತಲೆ ತಗ್ಗಿಸಿಕೊಂಡೇ ಇತ್ತ ನೋಡುತ್ತಿದ್ದರು. ನಾನು ಬಾಗಿಲಿನ ಹತ್ತಿರ ರಟ್ಟಿನ ಕಟ್ಟುಗಳ ಪಕ್ಕ ನಿಂತೆ.

ಅಕ್ಕ ಕೂತಳು. ಚಾಕುವನ್ನು ಎಡಗೈಗೆ ತೆಗೆದುಕೊಂಡಳು.

"ಎಡಗೈಯಲ್ಲಾ?" ಎಂದರು ಸಾಹುಕಾರರು.

"ಹೌದು, ಸಾಹುಕಾರ್ರೆ. ಇನ್ಮೇಲೆ ಎಡಗೈ."

ಅವಳು ಹೆರೆಯತೊಡಗಿದಳು. ಮೊದಲ ಅಂಚು ಚೆನ್ನಾಗಿ ಬಂತು. ಸುರುಳಿ ಸುರುಳಿಯಾಗಿ ಎದ್ದು ಪಕ್ಕಕ್ಕೆ ಬಿತ್ತು. ಎರಡನೆಯ ಅಂಚಿನ ಮೂಲೆಯಲ್ಲಿ ಅವಳ ಮಣಿಕಟ್ಟು ತುಸು ಎದ್ದಿತು. ಚಾಕು ಆಳಕ್ಕಿಳಿಯಿತು. ಕಾಳುಮೆಣಸಿನಷ್ಟು ದೊಡ್ಡ ತೂತು, ಅದರಾಚೆ ಅಡಿಯ ಕಲ್ಲಿನ ಮಣೆ ಕಾಣುತ್ತಿತ್ತು.

ಯಾರೋ ಗಂಟಲು ಸರಿಮಾಡಿಕೊಂಡರು. ನನ್ನ ಕೈ ರಟ್ಟಿನ ಕಟ್ಟನ್ನು ತಟ್ಟುತ್ತಿರುವುದು ಆಗ ನನಗೆ ಗೊತ್ತಾಯಿತು, ಜೇಬಿಗೆ ತುರುಕಿಕೊಂಡೆ.

ಅಕ್ಕ ಪಟ್ಟಿಯನ್ನು ಪಕ್ಕಕ್ಕಿಟ್ಟಳು. "ಇನ್ನೊಂದು ಕೊಡಿ," ಎಂದಳು. ಬೇಡಿದ ಹಾಗಿರಲಿಲ್ಲ, ಮುನಿದ ಹಾಗೂ ಇರಲಿಲ್ಲ. ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತು ಸಲ ಹೇಳಿದ ಮಾತಿನ ಹಾಗೇ ಇತ್ತು. ಸಾಹುಕಾರರು ತೂತಿನ ಪಟ್ಟಿ ನೋಡಿದರು, ಅವಳನ್ನು ನೋಡಿದರು. ಕಪಾಟಿನಿಂದ ಇನ್ನೊಂದು ಪಟ್ಟಿ ತೆಗೆದು, ತಾವೇ ಅದನ್ನು ಕಲ್ಲಿನ ಮೇಲೆ ಹರಡಿದರು.

ಈ ಸಲ ಅವಳು ಬಹಳ ನಿಧಾನ ಮಾಡಿದಳು. ಎರಡು ಸಲ ತಳ್ಳಿ, ನಿಲ್ಲಿಸಿ, ಚರ್ಮವನ್ನು ಬಲಗೈಯ ಮಡಚದ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು. ಒಮ್ಮೆ ಚಾಕುವನ್ನು ಕೆಳಗಿಟ್ಟು ಬೆರಳುಗಳನ್ನು ಬಿಡಿಸಿ ಮಡಚಿದಳು. ಹೊಲಿಯುವವರ ಸೂಜಿಗಳು ಮತ್ತೆ ಓಡಿದವು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೀದಿಗೆ ಹೋಗಿ ಎದುರಿನ ಕಂಬದ ತನಕ ನಡೆದು ಮತ್ತೆ ಬಂದೆ. ಬಂದಾಗ ಅವಳು ನಾಲ್ಕನೆಯ ಅಂಚಿನಲ್ಲಿದ್ದಳು.

ಮುಗಿದ ಪಟ್ಟಿಯನ್ನು ಸಾಹುಕಾರರು ಎತ್ತಿಕೊಂಡರು. ಅಂಚನ್ನು ಬೆರಳುಗಳ ನಡುವೆ ಮಡಚಿದರು, ಕಿವಿಯ ಹತ್ತಿರ ಹಿಡಿದು ಉಜ್ಜಿದರು, ಕಿಟಕಿಗೆ ಎತ್ತಿ ಹಿಡಿದು ಬೆಳಕು ಎಲ್ಲಿ ಎಷ್ಟು ಬರುತ್ತದೆಂದು ನಾಲ್ಕು ಕಡೆಯೂ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಪಟ್ಟಿಯನ್ನು ಕೆಳಗಿಟ್ಟು, ಅವಳ ಬೆಂಚಿನ ಎಡಮೂಲೆಯಲ್ಲಿದ್ದ ದೀಪದ ತಂತಿಯನ್ನು ಕಿತ್ತರು. ಅವಳ ಜಾಗ ಹೋಯಿತು ಎಂದುಕೊಂಡೆ. ಅವರು ದೀಪವನ್ನು ಎತ್ತಿಕೊಂಡು ಬೆಂಚನ್ನು ಸುತ್ತಿ ಬಲಮೂಲೆಗೆ ತಂದಿಟ್ಟರು. ತಂತಿ ಗೋಡೆಯ ತನಕ ಬರಲಿಲ್ಲ.

"ಯಾರಾದ್ರೂ ಒಂದು ಉದ್ದದ ವೈರು ತನ್ನಿ," ಎಂದು ಒಳಗಡೆಗೆ ಕೂಗಿದರು. ಆಮೇಲೆ ಅಕ್ಕನಿಗೆ ಹೇಳಿದರು: "ಇಷ್ಟು ಹೊತ್ತೂ ಕೈಯ ನೆರಳಲ್ಲೇ ಹೆರೀತಿದ್ದೆಯಲ್ಲ, ಹೇಳಬಾರದೇ? ಸಂಜೆಯೊಳಗೆ ಹತ್ತು ಬೆನ್ನು ಬೇಕು ನನಗೆ. ನಾಲ್ಕು ತಿಂಗಳ ಕೆಲಸ ಬಿದ್ದಿದೆ."

ಅಕ್ಕ ಕಲ್ಲಿನ ಮೇಲಿನ ಸುರುಳಿಗಳನ್ನು ಅಂಗೈಯಿಂದ ಒತ್ತಟ್ಟಿಗೆ ಗುಡಿಸಿದಳು.

"ನಾಲ್ಕು," ಎಂದಳು ತಲೆ ಎತ್ತದೆ. "ಇವತ್ತಿಗೆ ನಾಲ್ಕು ಆಗುತ್ತೆ."